ಅರಿವಿ ಗಂಟಿನ ಲೆಕ್ಕ

ನಮ್ಮ ಮನೆಯಲ್ಲಿ ದೊಡ್ಡ ಕೌದಿ ಹೊಲಿಯುವವರು ಬೇರೆ, ಸಣ್ಣ ಕೌದಿ ಹೊಲಿಯುವವರು ಬೇರೆ. ಹಾಸಿ ಹೊದೆಯುವ ದೊಡ್ಡ ಕೌದಿಗೆ ಸುಗ್ಗಿ ಮುಗಿದ ಮೇಲೆ ಗೊಂದಲಿಗರ ಹೆಣ್ಣುಮಕ್ಕಳು ಬರುತ್ತಿದ್ದರು. ಅವರ ಗಂಡಸರು ಅಂಬಾಭವಾನಿ ಹೆಸರಿನಲ್ಲಿ ರಾತ್ರಿಯಿಡೀ ಸಂಬಾಳ ಬಾರಿಸಿ ಗೊಂದಲ ಹಾಕುವವರು; ಹೆಂಗಸರು ಹಗಲೆಲ್ಲ ಓಣಿ ಓಣಿ ತಿರುಗಿ "ಕೌದಿ ಹೊಲಸ್ತೀರೇನ್ರವ್ವಾ" ಎಂದು ಕೂಗುವವರು. ಒಂದಿಷ್ಟು ಜೋಳ, ಒಂದು ಹಿಡಿ ಕೆಂಪು ಮೆಣಸಿನಕಾಯಿ, ಉಡಲು ಬರುವಂಥ ಒಂದು ಹಳೇ ಸೀರೆ, ಮಧ್ಯಾಹ್ನಕ್ಕೆ ರೊಟ್ಟಿ ಪಲ್ಯ, ಇದು ಅವರ ಕೂಲಿ. ಸಣ್ಣವು ಮಾತ್ರ ಅವ್ವನ ಕೈಯಲ್ಲೇ ಆಗಬೇಕಿತ್ತು. ತೊಟ್ಟಿಲ ಕೌದಿ, ಕೂಸಿನ ಕುಂಚಿಗೆ, ಅಜ್ಜಿ, ಅಂದರೆ ನಮ್ಮ ಆಯಿಯ ಎಲಿ-ಅಡಿಕಿ ಸಂಚಿ, ಕೊಡ ಹೊರುವ ಸಿಂಬಿ, ಹೊಲಕ್ಕೆ ಬುತ್ತಿ ಕಟ್ಟುವ ದಪ್ಪ ಅರಿವಿ. "ಮಂದಿಗೆ ಕೊಡೂದು ನಮ್ಮ ಕೈಲೆ ಆಗಬೇಕು. ಮನ್ಯಾಗ ಹಾಸೂದು ಯಾರು ಹೊಲದರೇನು" ಎನ್ನುವುದು ಅವಳ ಮಾತು.

ನಮ್ಮೂರು ಕೊಡೇಕಲ್ ಆಗ ಗುಲಬರ್ಗಾ ಜಿಲ್ಲೆಯ ಸುರಪುರ ತಾಲೂಕಿನಲ್ಲಿತ್ತು. ಈಗ ಜಿಲ್ಲೆ ಯಾದಗಿರಿ, ತಾಲೂಕು ಹುಣಸಗಿ. ಊರು ಇದ್ದಲ್ಲೇ ಇದೆ, ಕಚೇರಿಗಳು ಮಾತ್ರ ಹತ್ತಿರ ಬಂದಿವೆ. ಹೊರಗಿನ ಮಂದಿಗೆ ನಮ್ಮೂರ ಹೆಸರು ಗೊತ್ತಿರುವುದು ಕೊಡೇಕಲ್ಲ ಬಸವಣ್ಣನಿಂದ, ಅವನ ಕಾಲಜ್ಞಾನದಿಂದ. ಚರಿತ್ರೆ ಓದಿದವರಿಗೆ ಸಮೀಪದ ರಾಜನಕೋಳೂರಿನ ಕಲ್ಲುಗೋರಿಗಳೂ ಗೊತ್ತಿರಬಹುದು. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿಯೇ ಅವುಗಳ ಬಗ್ಗೆ ಬರೆದಿದ್ದ. ಹುಡುಗರಾಗಿದ್ದ ನಮಗೆ ಇವೆರಡಕ್ಕಿಂತ ಹತ್ತಿರದ್ದು ಚಳಿ. ಬಿಸಿಲನಾಡು ಎಂದು ಕರೆಸಿಕೊಂಡ ಸೀಮೆಯಲ್ಲಿ ಎಂಥಾ ಚಳಿ ಎಂದು ನಗಬೇಡಿ. ಕಲ್ಲಿನ ಗೋಡೆ, ಫರಸಿ ನೆಲ. ಮಾಗಿಯ ರಾತ್ರಿ ಆ ನೆಲಕ್ಕೆ ಬೆನ್ನು ಹಚ್ಚಿ ಮಲಗಿದವರಿಗೆ ಗೊತ್ತು. ಬೇಸಿಗೆಯಲ್ಲಿ ಮಾಳಿಗೆ ಏರಿ ಮಲಗುತ್ತಿದ್ದೆವು. ಹಗಲೆಲ್ಲ ಕಾದ ಮಣ್ಣಿನ ಝಳ ಮೈಗೆ ಹತ್ತದಿರಲಿ ಎಂದು ಆಗಲೂ ಕೆಳಗೆ ಕೌದಿಯೇ. ಹೊದೆಯಲು ಬಂದದ್ದು ಹಾಸಲೂ ಬರುತ್ತಿತ್ತು.

ಅರಿವೆ ಎಂಬುದು ಆಗ ಸುಲಭಕ್ಕೆ ಸಿಗುವ ವಸ್ತುವಲ್ಲ. ವರ್ಷಕ್ಕೊಮ್ಮೆ ತಾಳಿಕೋಟೆಗೋ ಸುರಪುರಕ್ಕೋ ಹೋಗಿ ಜವಳಿ ತರುವುದು, ಅದೂ ಮದುವೆ ಇದ್ದರೆ. ಹೀಗಾಗಿ ಒಂದು ಸೀರೆಗೆ ಎಷ್ಟೋ ಜನ್ಮ. ಮೊದಲು ಹಬ್ಬಕ್ಕೆ, ಜಾತ್ರೆಗೆ ಉಡುವುದು. ಬಣ್ಣ ಮಾಸಿದ ಮೇಲೆ ಮನೆಯಲ್ಲಿ, ಆಮೇಲೆ ಹೊಲದಲ್ಲಿ. ನಡು ಜಾಳಾದಾಗ ಉದ್ದಕ್ಕೂ ಹರಿದು, ಗಟ್ಟಿ ಇರುವ ಅಂಚುಗಳನ್ನು ನಡುವಿಗೆ ತಂದು ಜೋಡಿಸಿ ಹೊಲಿದು ಮತ್ತೊಂದಷ್ಟು ದಿನ. ಅದೂ ಮುಗಿದ ಮೇಲೆ ಕೌದಿ. ಕೌದಿಗೂ ಬಾರದ ಚೂರು ಒಲೆಯ ಮುಂದಿನ ಮಸಿಯರಿವಿ. ಮಸಿಯರಿವಿಗೂ ಬಾರದ ಎಳೆಗಳು ದೀಪದ ಬತ್ತಿ. ಇಷ್ಟಾದ ಮೇಲೆ ಸೀರೆ ಸತ್ತಂತೆ.

ಇದರಲ್ಲಿ ಸೆರಗಿಗೆ ಬೇರೆಯೇ ಮರ್ಯಾದೆ. ಕೃಷ್ಣೆಯ ಆಚೆಯ ಇಳಕಲ್ಲಿನಿಂದ ಬರುವ ಸೀರೆಗಳ ಒಡಲು ಹತ್ತಿ, ಸೆರಗು ರೇಷ್ಮೆ ಇಲ್ಲವೇ ಕೃತಕ ರೇಷ್ಮೆ. ಎರಡಕ್ಕೂ ಹಾಸು ಬೇರೆ ಬೇರೆ. ಮಗ್ಗಕ್ಕೆ ಏರಿಸುವ ಮುಂಚೆ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಆದ್ದರಿಂದ ಒಡಲು ಸವೆದು ಬಲೆಯಂತಾದರೂ ಕೆಂಪು ಸೆರಗು, ಅದರ ಮೇಲಿನ ಬಿಳಿ ತೆನೆ ಹಾಗೇ ಉಳಿದಿರುತ್ತಿದ್ದವು. ಅವ್ವ ಸೆರಗನ್ನು ಮಾತ್ರ ಕತ್ತರಿಸಿ ಬೇರೆ ಎತ್ತಿಡುತ್ತಿದ್ದಳು. ಅದು ದೊಡ್ಡ ಕೌದಿಗಲ್ಲ. ತೊಟ್ಟಿಲ ಕೌದಿಯ ಅಂಚಿಗೆ, ಸಂಚಿಯ ಬಾಯಿಗೆ, ಸಿಂಬಿಯ ಮೇಲುಸುತ್ತಿಗೆ. ಗೊಂದಲಿಗರ ಹೆಂಗಸರು ಬಂದಾಗ ಆ ಗಂಟು ಅಡಗಿ ಹೋಗುತ್ತಿತ್ತು. ಅವರ ಕಣ್ಣು ಚುರುಕು, ಕೇಳಿದರೆ ಇಲ್ಲ ಅನ್ನುವುದು ಕಷ್ಟ.

ಈಗ ಕೌದಿಯ ಬಗ್ಗೆ ಬರೆಯುವವರೆಲ್ಲ ನೆನಪು ಎನ್ನುತ್ತಾರೆ. ಅಜ್ಜಿಯ ಸೀರೆ, ಅಪ್ಪನ ಧೋತರ, ಅದರ ವಾಸನೆ, ಬೆಚ್ಚಗಿನ ಪ್ರೀತಿ. ಓದಲು ಚೆನ್ನಾಗಿರುತ್ತದೆ. ಆದರೆ ಅವ್ವ ಅರಿವಿ ಗಂಟು ಬಿಚ್ಚಿ ಕುಳಿತಾಗ ನಾನು ನೋಡಿದ್ದು ನೆನಪಿನಲ್ಲಿ ಮುಳುಗಿದ ಹೆಂಗಸನ್ನಲ್ಲ. ಲೆಕ್ಕ ಹಾಕುತ್ತಿದ್ದ ಹೆಂಗಸನ್ನು. ಇದು ಚಿಗವ್ವ ಕೊಟ್ಟ ಖಣ, ಅವಳ ಸೊಸಿ ಈಗ ಬಸಿರು, ಇದರ ಜೊತೆ ಇನ್ನೊಂದು ಸೇರಿಸಿ ಅಲ್ಲಿಗೇ ಹೋಗಬೇಕು. ಇದು ಅತ್ತೆಯ ಸೀರೆ, ಇದನ್ನು ನಾದಿನಿಗೆ ಹೋಗುವ ಕೌದಿಯಲ್ಲಿ ಹಾಕಬಾರದು, ನಮ್ಮವ್ವನ ಸೀರೆ ಹರಿದುಬಿಟ್ಟಳು ಅಂದಾಳು. ಇದು ಯಾರದೋ ಮದುವೆಯ ಆಹೇರಿ, ಅವರ ಮನೆಗೇ ತಿರುಗಿ ಹೋದರೆ ಮಾನ ಹೋಗುತ್ತದೆ. ಒಂದೊಂದು ಚೂರೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂಬುದು ಅವಳ ತಲೆಯಲ್ಲಿತ್ತು. ಮದುವೆ ಮನೆಯಲ್ಲಿ ಗಂಡಸೊಬ್ಬ ವಹಿ ಹಿಡಿದು ಕುಳಿತು ಮುಯ್ಯಿ ಬರೆದುಕೊಳ್ಳುತ್ತಿದ್ದ. ಐದು ರೂಪಾಯಿ, ಹನ್ನೊಂದು ರೂಪಾಯಿ. ಹೆಂಗಸರ ಕೈಯಿಂದ ಕೈಗೆ ಹೋಗುವ ಇವು ಯಾವ ವಹಿಯಲ್ಲೂ ಬರುತ್ತಿರಲಿಲ್ಲ. ಅವ್ವನ ಕೈಯಲ್ಲಿ ರೊಕ್ಕ ಆಡುತ್ತಿರಲಿಲ್ಲ. ಹಾಗಂತ ಬರಿಗೈಯಲ್ಲಿ ಯಾರ ಮನೆಗೂ ಹೋದವಳಲ್ಲ.

ತೊಟ್ಟಿಲ ಕೌದಿಯ ಕೆಲಸ ಅರಿವೆ ಒಗೆಯುವುದರಿಂದ ಶುರು. ಸವಳು ಮಣ್ಣು ಹಾಕಿ ಕುದಿಸಿ, ಬಂಡೆಗೆ ಬಡಿದು, ಉರಿಬಿಸಿಲಿಗೆ ಹಾಕಬೇಕು. ಗಂಜಿ ಇದ್ದ ಅರಿವೆ ಕೂಡದು. ಜಿರಲೆ ಬರುತ್ತದೆ, ಕೂಸಿನ ಮೈಗೂ ಒರಟು. ಉದ್ದ ಎರಡು ಮೊಳ, ಅಗಲ ಒಂದೂವರೆ. ಅದಕ್ಕಿಂತ ದೊಡ್ಡದಾದರೆ ತೊಟ್ಟಿಲಲ್ಲಿ ಮುದುಡುತ್ತದೆ. ಮೂರು ಪದರು. ಕೆಳಗೆ ಗಟ್ಟಿ ಇರುವ ತುಂಡುಗಳು, ನಡುವೆ ಜಾಳಾದವು, ಮೇಲೆ, ಅಂದರೆ ಕೂಸಿನ ಮೈ ತಾಗುವ ಕಡೆ, ಮುತ್ಯಾನ ಹಳೇ ಧೋತರ. ಹತ್ತಾರು ವರ್ಷ ಉಟ್ಟು ಒಗೆದ ಧೋತರದಷ್ಟು ಮೆತ್ತಗಿನ ಅರಿವೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೀಗಾಗಿ ಈ ಕೌದಿಯ ಚೆಂದವೆಲ್ಲ ಕೆಳಗಿನ ಮಗ್ಗುಲಲ್ಲಿರುತ್ತಿತ್ತು. ಬಣ್ಣದ ತ್ಯಾಪೆ, ಸೆರಗಿನ ಅಂಚು, ಮೂಲೆಗೆ ಮಡಚಿಟ್ಟ ಖಣದ ಮುಕ್ಕೋಣ, ಎಲ್ಲ ಅಲ್ಲಿ. ಮಂದಿ ನೋಡಲು ಬಂದಾಗ ತಿರುವಿ ತೋರಿಸುವುದು.

ಪಡಸಾಲೆಯ ಫರಸಿಯ ಮೇಲೆ ಮೂರೂ ಪದರು ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ತೆಗೆಯುತ್ತಿದ್ದಳು. ಮೊದಲು ದೊಡ್ಡ ದೊಡ್ಡ ಟಾಕಿ ಹಾಕಿ ಪದರು ಜರುಗದಂತೆ ಹಿಡಿಸುವುದು. ಇದು ಆಮೇಲೆ ಬಿಚ್ಚಿ ತೆಗೆಯುವ ಹೊಲಿಗೆ. ಆಮೇಲೆ ಅಂಚು ಒಳಮಡಚಿ, ದಂಡೆಯಿಂದ ಶುರುಮಾಡಿ ಸುತ್ತು ಹೊಲಿಗೆ. ಒಂದು ಸುತ್ತು ಮುಗಿದ ಮೇಲೆ ಒಂದು ಬೆರಳು ಒಳಗೆ ಮತ್ತೊಂದು ಸುತ್ತು. ದಂಡೆಯಿಂದ ನಡುವಿಗೆ ಬರುವ ಹೊಲಿಗೆಯಲ್ಲಿ ಒಂದು ತೊಡಕಿದೆ: ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಸಡಿಲ ಅರಿವೆ ಮುಂದಕ್ಕೆ ಸರಿಯುತ್ತ ಹೋಗಿ ಕೊನೆಗೆ ನಟ್ಟನಡುವೆ ಗುಳ್ಳೆಯಾಗಿ ಎದ್ದು ನಿಲ್ಲುತ್ತದೆ. ಎಡಗೈ ಕೌದಿಯ ಕೆಳಗಿರಬೇಕು, ಸೂಜಿಯ ಮೊನೆ ಬೆರಳಿಗೆ ತಾಗುವುದಕ್ಕೂ ಹಿಂತಿರುಗುವುದಕ್ಕೂ ಸರಿಹೋಗಬೇಕು, ನಡುನಡುವೆ ಅದೇ ಕೈ ಮೇಲೆ ಬಂದು ಅರಿವೆ ತೀಡಬೇಕು. ಅವ್ವ ಕಾಲು ಚಾಚಿ ಕುಳಿತು, ಹೊಲಿದಾದ ಭಾಗವನ್ನು ತೊಡೆಯ ಕೆಳಗೆ ಹಾಕಿಕೊಂಡು ಬಿಗಿ ಹಿಡಿಯುತ್ತಿದ್ದಳು. ಸೂಜಿ ಹಟ ಮಾಡಿದರೆ ತಲೆಗೂದಲಲ್ಲಿ ಒಮ್ಮೆ ಆಡಿಸಿ ತೆಗೆಯುವುದು. ಕೂದಲ ಎಣ್ಣೆಗೆ ಅದು ಸರಾಗವಾಗಿ ಇಳಿಯುತ್ತಿತ್ತು.

ಗಂಟು ಮೇಲೆ ಕಾಣುವಂತಿಲ್ಲ. ದಾರ ಮುಗಿದಾಗ ಅದರ ತುದಿಯನ್ನು ಪದರುಗಳ ನಡುವೆ ಹಿಂದಕ್ಕೆ ಓಡಿಸಿ ಅಲ್ಲೇ ಕಡಿಯಬೇಕು. ಎಳೆ ಕೂಸಿನ ಬೆನ್ನಿಗೆ ಸಾಸಿವೆಯಷ್ಟು ಗಂಟು ಒತ್ತಿದರೂ ಮರುದಿನ ಕೆಂಪಗೆ ಮೂಡಿರುತ್ತದೆ. ಜರಿ ಇಲ್ಲ, ಗುಂಡಿ ಇಲ್ಲ, ಕನ್ನಡಿ ಇಲ್ಲ. ನಮ್ಮ ತಾಂಡಾದ ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ ಕಸೂತಿ ಅವ್ವನಿಗೆ ಬಹಳ ಹಿಡಿಸುತ್ತಿತ್ತು, ನಿಂತು ನೋಡುತ್ತಿದ್ದಳು. ಆದರೆ ತೊಟ್ಟಿಲಿನ ಹತ್ತಿರಕ್ಕೆ ಅದನ್ನು ಬಿಟ್ಟವಳಲ್ಲ.

ಕೊನೆಯ ಸುತ್ತಿನ ಹೊತ್ತಿಗೆ ಆಯಿ ಎದ್ದು ಬರುತ್ತಿದ್ದಳು, ಮುಷ್ಟಿಯಲ್ಲಿ ನಾಲ್ಕು ಕಾಳು ಜೋಳ ಹಿಡಿದು. ನಡುವಿನ ತ್ಯಾಪೆಯ ಕೆಳಗೆ ಅವನ್ನು ಇಟ್ಟು ಹೊಲಿಯಬೇಕು. "ಕೌದಿ ಹಸಗೊಂಡು ಇರಬಾರದವ್ವ. ಅದರ ಹೊಟ್ಟಿ ತುಂಬಿದ್ರ ಅದರ ಮ್ಯಾಲ ಮಲಗೋರ ಹೊಟ್ಟಿ ತುಂಬತದ." ಅವ್ವನ ಉತ್ತರವೂ ಪ್ರತಿ ಸಲ ಒಂದೇ. "ಹೊಟ್ಟಿ ತುಂಬಿದ ಕೌದಿ ಇಲಿಗೆ ಬೇಕಾಗತದ, ಅತ್ತಿ." ಕೊನೆಗೆ ಗೆಲ್ಲುತ್ತಿದ್ದವಳು ಆಯಿ. ನಮ್ಮ ಮನೆಯಲ್ಲಿ ಇಲಿ ಕಡಿದ ಕೌದಿಗಳಿಗೇನೂ ಕಡಿಮೆ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಚೊಚ್ಚಲು ಹೆರಿಗೆ ತವರುಮನೆಯ ಪಾಲು. ಹುಟ್ಟಿದ ಕೂಸಿಗೆ ಮೊದಲ ಕೆಲವು ದಿನ ಹೊಸ ಅರಿವೆ ಹಾಕುವಂತಿಲ್ಲ, ಹಳೇದೇ ಬೇಕು. ಶಾಸ್ತ್ರ ಎನ್ನುತ್ತಿದ್ದರು, ನನಗೆ ಅದು ಚರ್ಮದ ಬುದ್ಧಿವಂತಿಕೆ ಅನಿಸುತ್ತದೆ. ಬಿಹಾರದ ಮುಜಫ್ಫರ್‌ಪುರದ ಕಡೆ ಸುಜನಿ ಎಂಬ ಹೊಲಿಗೆ ಇದೆ. ಅದೂ ಮೂಲದಲ್ಲಿ ಎಳೆ ಕೂಸಿಗಾಗಿ ಹಳೇ ಸೀರೆ ಕೂಡಿಸಿ ಹೊಲಿಯುತ್ತಿದ್ದದ್ದೇ. ಅಲ್ಲಿ ಚಿಂದಿ ಬಟ್ಟೆಗೇ ಒಬ್ಬ ದೇವಿ ಇದ್ದಾಳೆ, ಚಿತಿರಿಯಾ ಮಾ ಎಂದು ಹೆಸರು. ನಮ್ಮಲ್ಲಿ ದೇವಿಯಿಲ್ಲ. ಅತ್ತೆ ಮನೆಯ ಹೆಂಗಸರ ಕಣ್ಣು ಇತ್ತು, ಅದು ಸಾಕಾಗಿತ್ತು. ಬಾಣಂತನ ಮುಗಿಸಿ ಅಕ್ಕನನ್ನು ಕಳಿಸುವಾಗ ತೊಟ್ಟಿಲು, ಕೌದಿ, ಕುಲಾವಿ, ಕುಂಚಿಗೆ ಎಲ್ಲ ಹೋಗಬೇಕು. ಅಲ್ಲಿ ಇಳಿಸಿದ ಕೂಡಲೇ ನಾಲ್ಕು ಜನ ಸೇರಿ ಕೌದಿ ಬಿಡಿಸಿ ಹೊಲಿಗೆ ನೋಡುತ್ತಾರೆ. ಟಾಕಿ ಸಣ್ಣವಿದ್ದರೆ ತಾಯಿ ಕುಳಿತು ಹೊಲಿದಿದ್ದಾಳೆ, ದೊಡ್ಡವಿದ್ದರೆ ಗಡಿಬಿಡಿಯಲ್ಲಿ ಮುಗಿಸಿದ್ದಾಳೆ, ಸಾಲು ಬದಲಾಗಿದ್ದರೆ ಇನ್ನೊಬ್ಬರ ಕೈ ಸೇರಿದೆ. ಬಂಗಾರ ಎಷ್ಟು ಗುಂಜಿ ಎಂದು ಕೇಳುವ ಮುಂಚೆ ಈ ಪರೀಕ್ಷೆ.

ಕುಂಚಿಗೆ ಮಾತ್ರ ಹೊಸ ಅರಿವೆಯದು. ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಸಣ್ಣ ಮುಸುಕು. ಗುಳೇದಗುಡ್ಡದ ಖಣದಲ್ಲೇ ಆಗಬೇಕು. ಉಡಿ ತುಂಬುವಾಗ ಮುಕ್ಕೋಣವಾಗಿ ಮಡಚಿ ಕೊಡುತ್ತಾರಲ್ಲ, ಆ ಖಣಗಳಲ್ಲಿ ಎಷ್ಟೋ ಕುಪ್ಪಸವಾಗುವುದೇ ಇಲ್ಲ. ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ ತಿರುಗುತ್ತ ಮಡಿಕೆಯ ಗೆರೆಯಲ್ಲಿ ಬಣ್ಣ ಹೋಗಿರುತ್ತದೆ. ಅವ್ವ ಅಂಥವನ್ನು ಆಯ್ದು, ಮಾಸಿದ ಗೆರೆ ಹೊಲಿಗೆಯೊಳಗೆ ಸೇರುವಂತೆ ಕತ್ತರಿಸಿ, ಒಳಗೊಂದು ಹತ್ತಿಯ ಪದರು ಕೊಟ್ಟು, ಅಂಚಿಗೆ ಮಣಿ ಕಟ್ಟಿ, ತುದಿಗೆ ಗೊಂಡೆ ಬಿಡುತ್ತಿದ್ದಳು. ಕೂಸು ಅದನ್ನು ಹಾಕಿಕೊಂಡದ್ದಕ್ಕಿಂತ ಅದರ ಗೊಂಡೆ ಬಾಯಿಗೆ ಹಾಕಿಕೊಂಡದ್ದೇ ಹೆಚ್ಚು.

ಇವೆಲ್ಲದರಲ್ಲಿ ನನಗೆ ಇಷ್ಟವಾಗುತ್ತಿದ್ದದ್ದು ಆಯಿಯ ಸಂಚಿ. ಒಂದರೊಳಗೊಂದು ಖಾನೆ. ಹೊರಗಿನದರಲ್ಲಿ ಎಲೆ, ಅದರೊಳಗೆ ಅಡಕೆ, ಪಕ್ಕದಲ್ಲಿ ತಂಬಾಕು, ಎಲ್ಲಕ್ಕಿಂತ ಒಳಗೆ, ಯಾರಿಗೂ ಕಾಣದ ಕಡೆ, ರೊಕ್ಕ. ಎಲೆಯ ಖಾನೆಗೆ ದಪ್ಪ ಹೊಲಿಗೆ ಬೇಕು. ನೀರು ಚಿಮುಕಿಸಿದ ಎಲೆ ತಂಪಾಗಿರಬೇಕು, ಆದರೆ ತೇವ ಅಡಕೆಗೆ ಇಳಿಯಬಾರದು. ಅದಕ್ಕೆ ಆ ಒಂದು ಗೋಡೆಗೆ ಮಾತ್ರ ಇನ್ನೊಂದು ಪದರು. ಬಾಯಿಗೆ ಎರಡೂ ಕಡೆಯಿಂದ ಎಳೆಯುವ ದಾರ, ದಾರದ ತುದಿಗೆ ಸುಣ್ಣದ ಡಬ್ಬಿ. ಆಯಿ ಅದನ್ನು ಸೊಂಟಕ್ಕೆ ಸಿಗಿಸಿ ನಡೆದರೆ ಡಬ್ಬಿಯ ಸಪ್ಪಳದಿಂದಲೇ ಯಾವ ಕೋಣೆಯಲ್ಲಿದ್ದಾಳೆಂದು ಗೊತ್ತಾಗುತ್ತಿತ್ತು. ತಿಂಥಣಿ ಮೋನಪ್ಪಯ್ಯನ ಜಾತ್ರೆಗೆ ಹೋಗುವಾಗ ಅದಕ್ಕೆ ಇನ್ನೊಂದು ಗಂಟು ಜಾಸ್ತಿ. ಊರಿನ ಬೇರೆ ಮುದುಕಿಯರಿಗೂ ಅವ್ವ ಸಂಚಿ ಮಾಡಿಕೊಟ್ಟಳು. ಅವರು ತಿರುಗಿ ಏನು ಕೊಟ್ಟರು ಎಂದರೆ ಕುಸುಬಿ, ಹುಣಸೆಹಣ್ಣು, ಬಾಣಂತಿಗೆ ನೀರು ಹಾಕಲು ಒಂದು ವಾರ. ಕೊನೆಯದನ್ನು ರೊಕ್ಕದಲ್ಲಿ ಹೇಳಲು ಬರುವುದಿಲ್ಲ.

ಲೆಕ್ಕ ಎಂದೆನಲ್ಲ, ಅದರ ಕಟುವಾದ ಮಗ್ಗುಲನ್ನೂ ಹೇಳಬೇಕು. ಶಹರಕ್ಕೆ ಸೇರಿದ ನೆಂಟರೊಬ್ಬರ ಮನೆಗೆ ಅವ್ವ ತೊಟ್ಟಿಲ ಕೌದಿ ಕಳಿಸಿದ್ದಳು. ಕೂಸು ನೋಡಲು ನಾವು ಹೋದಾಗ ಅದು ಬಚ್ಚಲ ಬಾಗಿಲ ಮುಂದೆ ಬಿದ್ದಿತ್ತು, ಕಾಲೊರೆಸಲಿಕ್ಕೆ. ಅವ್ವ ಅದನ್ನು ದಾಟಿಯೇ ಒಳಗೆ ಹೋದಳು, ದಾಟಿಯೇ ಹೊರಗೆ ಬಂದಳು, ಒಂದು ಮಾತಾಡಲಿಲ್ಲ. ಚಹಾ ಕುಡಿದು ಕೂಸಿನ ಕೈಗೆ ರೊಕ್ಕ ಕೊಟ್ಟು ಬಂದೆವು. ಅವರ ಎರಡನೆಯ ಕೂಸಿಗೆ ಅವ್ವ ಅಂಗಡಿಯ ಟಾವೆಲ್ ಕೊಂಡು ಕಳಿಸಿದಳು, ಪ್ಲಾಸ್ಟಿಕ್ ಚೀಲದ ಸಮೇತ. ಅವರಿಗೆ ಅದೇ ಹೆಚ್ಚು ಹಿಡಿಸಿತಂತೆ. "ನೋಡು, ನನಗ ಹದಿನೈದು ದಿನದ ಕೆಲಸ ಉಳೀತು" ಎಂದು ನಕ್ಕಳು. ಆ ನಗುವಿನಲ್ಲಿ ಏನಿತ್ತು ಎಂದು ನಾನು ಈಗಲೂ ಹೇಳಲಾರೆ. ಅದೇ ಸುಮಾರಿಗೆ ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ಅಕ್ಕನ ಮದುವೆಗೆ ಒಂದು ಸಿಂಬಿ ಮಾಡಿ ತಂದಳು. ಹಳೇ ಕೆಂಪು ಅರಿವೆ ಹೊಸೆದು, ಮೇಲೆ ಹಸಿರು ದಾರದ ಬಿಗಿ ಸುತ್ತು. ಸ್ಟೀಲಿನ ಡಬ್ಬಿಗಳ ರಾಶಿಯಲ್ಲಿ ಅದನ್ನು ಮುಚ್ಚಲು ಬಿಡದೆ ಅವ್ವ ಮೇಲೇ ಇಡಿಸಿದಳು. ಮುಂದೆ ಆ ಹೆಂಗಸಿನ ಮಗಳಿಗೆ ಹೋದ ತೊಟ್ಟಿಲ ಕೌದಿಯಲ್ಲಿ ಸೆರಗಿನ ಅಂಚು ನಾಲ್ಕೂ ಕಡೆ ಇತ್ತು.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಜೋಳದ ಹೊಲ ಭತ್ತದ ಗದ್ದೆಯಾಯಿತು. ಕೈಯಲ್ಲಿ ಸ್ವಲ್ಪ ರೊಕ್ಕ ಆಡತೊಡಗಿದ ಹೊತ್ತಿಗೇ ಸರಿಯಾಗಿ ಪಾಲಿಸ್ಟರ್ ಸೀರೆಗಳೂ ಬಂದವು. ಈ ಸೀರೆಗಳನ್ನು ಬೈಯುವುದು ಈಗ ಫ್ಯಾಶನ್. ಉಟ್ಟವರನ್ನು ಕೇಳಿ. ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ, ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ಭತ್ತದ ಕೆಸರಿನಲ್ಲಿ ನಿಂತರೂ ಭಾರವಾಗುವುದಿಲ್ಲ. ಹೊಲಕ್ಕೆ ಹೋಗುವವರಿಗೆ ಅದೊಂದು ಬಿಡುಗಡೆ. ತೊಂದರೆ ಆದದ್ದು ಸಣ್ಣ ಕೌದಿಗೆ. ಪದರು ಒಂದರ ಮೇಲೊಂದು ಜಾರುತ್ತದೆ, ಕತ್ತರಿಸಿದ ಅಂಚು ಎಳೆ ಬಿಡುತ್ತ ಹೋಗುತ್ತದೆ, ಸೂಜಿ ಕಿರುಗುಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ನೀರು ಕುಡಿಯುವುದಿಲ್ಲ. ಕೂಸು ಉಚ್ಚೆ ಹೊಯ್ದರೆ ಹತ್ತಿಯ ಕೌದಿ ಹೀರಿಕೊಂಡು ಸುಮ್ಮನಿರುತ್ತದೆ. ಪಾಲಿಸ್ಟರ್ ಅದನ್ನು ಬೆನ್ನುದ್ದಕ್ಕೂ ಹರಿಸಿ ಕೂಸನ್ನು ಎಬ್ಬಿಸಿ ಕೂರಿಸುತ್ತದೆ. ಅವ್ವ ಕಂಡುಕೊಂಡ ದಾರಿ, ಪಾಲಿಸ್ಟರನ್ನು ನಡುವಿನ ಪದರಾಗಿ ಹಾಕಿ ಮೇಲೂ ಕೆಳಗೂ ಹತ್ತಿ ಕೊಡುವುದು. ದೊಡ್ಡ ಕೌದಿಗಳಂತೂ ಪೂರಾ ಪಾಲಿಸ್ಟರ್ ಆದವು. ಮಿರಮಿರ ಮಿಂಚುವ, ಮೈಮೇಲಿಂದ ಜಾರುವ ಕೌದಿಗಳು. ಕೆಲವರು ತಳಕ್ಕೆ ಗೊಬ್ಬರದ ಚೀಲ ಬಿಚ್ಚಿ ಹೊಲಿದರು, ನೆಲದ ತೇವ ತಡೆಯಲಿ ಎಂದು.

ಮಹಾನವಮಿಯ ಮುಂಚೆ ಮನೆಯ ಕೌದಿಗಳೆಲ್ಲ ಕಾಲುವೆಗೆ ಹೋಗುತ್ತಿದ್ದವು, ಚಕ್ಕಡಿ ಹೇರಿಕೊಂಡು. ನೆನೆದ ದೊಡ್ಡ ಕೌದಿಯನ್ನು ಒಬ್ಬರು ಎತ್ತಲಾರರು. ಇಬ್ಬರು ಎರಡು ತುದಿ ಹಿಡಿದು ಎದುರುಬದುರು ತಿರುವಬೇಕು. ನೀರು ಒಮ್ಮೆ ಅರಿವೆ ಕೆಡಿಸಿದ್ದೂ ಉಂಟು. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕವನ್ನು ಕೊಚ್ಚಿದ ಮಳೆ ನೆನಪಿರಬಹುದು. ನಮ್ಮ ಮಾಳಿಗೆಯ ಮಣ್ಣು ನೆನೆದು ನೀರು ಒಳಗಿಳಿಯಿತು. ಅರಿವಿ ಗಂಟು ಅಟ್ಟದ ಮೇಲಿತ್ತು. ಬಿಸಿಲು ಬಿದ್ದ ಮೇಲೆ ಬಿಚ್ಚಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ, ಬೂಷ್ಟು ಹಿಡಿದು, ಹಿಡಿದಲ್ಲಿ ಹರಿಯುತ್ತಿದ್ದವು. ಅವ್ವ ಅಳಲಿಲ್ಲ, ಬೈದಳು. ಮಳೆಗೆ, ಮಾಳಿಗೆಗೆ, ಅಪ್ಪನಿಗೆ.

ಆಮೇಲೆ ನಾನು ಕಲಬುರಗಿಯಲ್ಲಿ ನೆಲೆಸಿ, ಓದುವ ಚಟದಿಂದಾಗಿ ಬೇರೆ ಕಡೆಯ ಕೌದಿಗಳ ಬಗ್ಗೆ ತಿಳಿದೆ. ನಮ್ಮದೇ ರಾಜ್ಯದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಇದೆ. ಅದೂ ದಂಡೆಯಿಂದ ನಡುವಿಗೆ ಬರುವ ಹೊಲಿಗೆಯೇ. ಮೂಲೆಗಳಿಗೆ ಅವರು ಫೂಲ ಎಂದು ಮಡಚಿದ ತುಂಡುಗಳನ್ನು ಕೂರಿಸುತ್ತಾರೆ. ಫೂಲ ಇಲ್ಲದ ಕವಂದಿ ಅವರಿಗೆ ಬತ್ತಲೆ ಇದ್ದಂತೆ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಊರಿದೆ, ಒಂದು ಕಾಲಕ್ಕೆ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳ ಊರು. ಅಲ್ಲಿನ ಹೆಂಗಸರು ಹೊಲದಲ್ಲಿ ತೊಟ್ಟು ಹರಿದ ಪ್ಯಾಂಟು ಅಂಗಿಗಳಲ್ಲೇ ಹೊಲಿದ ಹೊದಿಕೆಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಕಲಾ ವಸ್ತುಸಂಗ್ರಹಾಲಯ ಗೋಡೆಗೆ ತೂಗುಹಾಕಿತು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಅವುಗಳ ಚಿತ್ರ ನೋಡಿದೆ. ಮೊಣಕಾಲಿನ ಹತ್ತಿರ ಬಣ್ಣ ಮಾಸಿದ ಪ್ಯಾಂಟಿನ ತುಂಡು ಹಾಗೇ ಕಾಣುತ್ತದೆ. ಸಂತೋಷವೂ ಆಯಿತು, ಒಂದು ತಕರಾರೂ ಹುಟ್ಟಿತು. ಗೋಡೆಯ ಮೇಲಿದ್ದರೆ ಒಂದೇ ಮಗ್ಗುಲು ಕಾಣುತ್ತದೆ. ಹೊಲಿಗೆಯ ಗುಣ ತಿಳಿಯಬೇಕಾದರೆ ಹಿಂದುಗಡೆ ನೋಡಬೇಕು, ನಮ್ಮ ಅತ್ತೆಯರು ನೋಡಿದ ಹಾಗೆ.

ಮಗಳ ಮನೆ ಬೆಂಗಳೂರಿನಲ್ಲಿದೆ. ಅವಳ ಮನೆಯ ಹಿಂದೆ ದೊಡ್ಡದೊಂದು ಕಟ್ಟಡ ಏಳುತ್ತ ಇದ್ದಾಗ ತಗಡಿನ ಶೆಡ್ಡುಗಳಲ್ಲಿ ಕೂಲಿಯವರಿದ್ದರು. ತಂತಿ ಬೇಲಿಯ ಮೇಲೆ ಒಣಹಾಕಿದ್ದ ಕೌದಿ ನೋಡಿಯೇ ಹೋಗಿ ಮಾತಾಡಿಸಿದೆ. ಸುರಪುರ, ಶಹಾಪುರದ ಕಡೆಯವರು. "ಯಾವೂರವ್ವಾ ನಿಮ್ದು" ಎಂದರೆ "ಅಲ್ಲೇ ಕೆಂಭಾವಿ ಹತ್ರ" ಎಂದರು. ಪಾಲಿಸ್ಟರ್ ಮೇಲೆ, ಸಿಮೆಂಟು ಚೀಲ ಕೆಳಗೆ, ಉದ್ದುದ್ದ ಟಾಕಿ. ಅವರಿಗೆ ಕುಳಿತು ಹೊಲಿಯುವ ಹೊತ್ತು ಎಲ್ಲಿದೆ. ಅದೇ ಬೆಂಗಳೂರಿನ ಅಂಗಡಿಯಲ್ಲಿ ಹೊಸ ಹತ್ತಿ ಬಟ್ಟೆಯನ್ನು ಚೂರು ಚೂರು ಮಾಡಿ ಮತ್ತೆ ಕೂಡಿಸಿದ ಕೌದಿಗಳು ಸಾವಿರಗಟ್ಟಲೆ ಬೆಲೆಗೆ ಇದ್ದವು. ಬೆಲೆಗೆ ನನ್ನ ತಕರಾರಿಲ್ಲ. ಕೈಹೊಲಿಗೆಯಾದರೆ ಅಷ್ಟು ಆಗಲೇಬೇಕು, ಹೊಲಿದವಳಿಗೆ ಎಷ್ಟು ಮುಟ್ಟಿತು ಎಂಬುದೊಂದು ಗೊತ್ತಾದರೆ ಸಾಕು. ಆದರೆ ಹರಿಯದ ಬಟ್ಟೆಗೆ ತ್ಯಾಪೆ ಹಾಕುವುದನ್ನು ಅವ್ವ ಕಂಡಿದ್ದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ನೌಕರಿ ಮುಗಿದ ಮೇಲೆ ನಾನೂ ಸೂಜಿ ಹಿಡಿದಿದ್ದೇನೆ. ದೊಡ್ಡ ಕೌದಿಗೆ ಕೈ ಹಾಕುವುದಿಲ್ಲ, ಮೊಣಕಾಲು ಕೇಳುವುದಿಲ್ಲ. ಕನ್ನಡಕದ ಚೀಲ, ಮೊಬೈಲಿನ ಸಂಚಿ, ಬಿಸಿ ಪಾತ್ರೆ ಇಳಿಸುವ ಅರಿವೆ, ಕುಕ್ಕರಿನ ಕೆಳಗಿನ ಹಾಸು, ಮೊಮ್ಮಗಳಿಗೆ ಪೆನ್ನಿನ ಚೀಲ. ಮೊಬೈಲಿನ ಸಂಚಿಗೆ ಆಯಿಯ ಖಾನೆಗಳ ಲೆಕ್ಕವೇ ಸರಿಹೊಂದುತ್ತದೆ: ಹೊರಗಿನದರಲ್ಲಿ ಫೋನು, ಪಕ್ಕದಲ್ಲಿ ಬಸ್ಸಿನ ಚೀಟಿ, ಎಲ್ಲಕ್ಕಿಂತ ಒಳಗೆ ರೊಕ್ಕ. ಬಿಸಿ ಪಾತ್ರೆ ಹಿಡಿಯುವ ಅರಿವೆಯಲ್ಲಿ ಮಾತ್ರ ಪಾಲಿಸ್ಟರಿನ ಒಂದು ಎಳೆಯೂ ಇರಕೂಡದು, ನಡುವಿನ ಪದರಿನಲ್ಲೂ. ಕಾದ ತಳಕ್ಕೆ ಕರಗಿ ಕೈಗೆ ಅಂಟುತ್ತದೆ. ದಾರವೂ ಹತ್ತಿಯದೇ ಇರಬೇಕು. ಬಿಸಿ ರೊಟ್ಟಿ ಸುತ್ತುವ ಅರಿವೆಗೆ ಮೂರು ಪದರು ಹತ್ತಿ, ಹೊಲಿಗೆ ಎರಡು ಬೆರಳು ಅಂತರ. ಹತ್ತಿರ ಹತ್ತಿರ ಹೊಲಿದರೆ ಅರಿವೆ ಬಿರುಸಾಗಿ ಹಬೆ ಹೀರುವುದಿಲ್ಲ, ರೊಟ್ಟಿ ಬೆವರುತ್ತದೆ. ಕಟಕ ರೊಟ್ಟಿಗೆ ಇದರ ಹಂಗಿಲ್ಲ, ಅದಕ್ಕೆ ಡಬ್ಬಿ ಸಾಕು.

ಈಗಿನ ಕಷ್ಟ ಹಳೇ ಹತ್ತಿ ಅರಿವೆಯದು. ಧೋತರ ಉಡುವ ಮುತ್ಯಾಗಳು ಓಣಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಕೊಡೇಕಲ್ಲಿಗೆ ಹೋದಾಗಲೆಲ್ಲ ಅಂಥ ಮನೆ ಹುಡುಕಿ "ಹಳೇ ಧೋತರ ಅದಾವೇನ್ರಿ ಕಾಕಾ" ಎಂದು ಕೇಳುತ್ತೇನೆ. ಮೇಷ್ಟ್ರಮ್ಮಗೆ ಇದೇನು ಬಂತು ಎಂದು ನೋಡುತ್ತಾರೆ, ಕೊಡುತ್ತಾರೆ. ತಿರುಗಿ ಏನಾದರೂ ಕೊಡಬೇಕಲ್ಲ. ಒಬ್ಬ ಕಾಕಾ ಮಾತ್ರೆಗಳಿಗೆ ಸಂಚಿ ಬೇಕೆಂದರು. ಮುಂಜಾನೆ, ಮಧ್ಯಾಹ್ನ, ರಾತ್ರಿಗೆ ಬೇರೆ ಬೇರೆ ಖಾನೆ, ಕತ್ತಲೆಯಲ್ಲಿ ಕೈಯಿಂದ ಮುಟ್ಟಿದರೆ ಗೊತ್ತಾಗಬೇಕು. ಒಂದಕ್ಕೆ ಒಂದು ಟಾಕಿ, ಇನ್ನೊಂದಕ್ಕೆ ಎರಡು, ರಾತ್ರಿಯದಕ್ಕೆ ಮೂರು ಎದ್ದು ಕಾಣುವಂತೆ ಹಾಕಿಕೊಟ್ಟೆ. ಅವರ ಧೋತರ ಈಗ ನನ್ನ ಗಂಟಿನಲ್ಲಿದೆ.

ಅದರಲ್ಲಿ ಒಂದು ತೊಟ್ಟಿಲ ಕೌದಿ ಆಗಬೇಕಿದೆ, ದಸರೆಯ ಹೊತ್ತಿಗೆ ಪಕ್ಕದ ಮನೆಯ ಹುಡುಗಿಗೆ. ನನಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದಾಗ ಅವಳ ತಾಯಿ ದಿನಾ ರೊಟ್ಟಿ ಮಾಡಿ ಕಳಿಸಿದ್ದಳು, ಅದು ಇನ್ನೂ ತೀರಿಲ್ಲ. ಹುಡುಗಿ ಇಂಜಿನಿಯರು, ಪುಣೆಯಲ್ಲಿ ಕೆಲಸ. ಫೋನಿನಲ್ಲಿ ಒಂದು ಚಿತ್ರ ಕಳಿಸಿದ್ದಾಳೆ: ಕೂಸನ್ನು ಒಳಗೆ ಹಾಕಿ ಕುತ್ತಿಗೆಯವರೆಗೆ ಮುಚ್ಚುವ ಚೀಲದಂಥದ್ದು. "ಮೌಶಿ, ಹಿಂಗ ಮಾಡಲಾಕ ಬರತದೇನ್ರಿ? ಒಂದು ಜಿಪ್ಪು ಹಚ್ಚಿದ್ರ ಆತು." ಜಿಪ್ಪು ಕೂಸಿನ ಗದ್ದಕ್ಕೆ ಒತ್ತುತ್ತದೆ, ಒಗೆದರೆ ಜಂಗು ಹಿಡಿಯುತ್ತದೆ ಎಂದೆ. ಪ್ಲಾಸ್ಟಿಕ್ಕಿನದು ಸಿಗುತ್ತದೆ ಎಂದಳು. ಕಟ್ಟುವ ದಾರ ಇಡುತ್ತೇನೆ ಎಂದೆ. ರಾತ್ರಿ ಎರಡು ಗಂಟೆಗೆ ಕೂಸು ಅಳುವಾಗ ದಾರದ ಗಂಟು ಬಿಚ್ಚುತ್ತ ಕೂರಲೇ ಎಂದು ಕೇಳಿದಳು. ಅದೂ ಖರೆ. ನಾಳೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ಮೆತ್ತಗಿನ ಜಿಪ್ಪು ನೋಡಿ ಬರಬೇಕು, ಒಳಗಿನಿಂದ ಧೋತರದ ಪಟ್ಟಿ ಕೊಟ್ಟು ಮುಚ್ಚಿದರೆ ಗದ್ದಕ್ಕೆ ತಾಗಲಿಕ್ಕಿಲ್ಲ.